ಕಾನಿನ ದಾರಿ ಊರಿನ ಮೂಲಕವೇ ಹೋಗಲಿ

ಪ್ರವಾಸೋದ್ಯಮವೆಂಬ ಪದವನ್ನು ಬಿಡಿಸಿದರೆ ಎರಡು ಮಾತುಗಳು ದೊರೆಯುತ್ತವೆ: ಪ್ರವಾಸ ಮತ್ತು ಉದ್ಯಮ. ಮೊದಲನೆಯದರ ಬಗ್ಗೆ ಮಲೆನಾಡಿಗರಾದ ನಮಗೆ ತಕರಾರಿಲ್ಲ. ಘಟ್ಟ ಹತ್ತಿ ಇಳಿಯುವ ದಾರಿಹೋಕರನ್ನು ಜಗಲಿಯ ಮೇಲೆ ಕೂರಿಸಿ, ಬೆಲ್ಲ-ನೀರು ಕೊಟ್ಟು, ಆಸರಿಗೆ ಕೇಳುವುದು ಈ ಸೀಮೆಯ ಹಳೆಯ ರೂಢಿ. ನಮ್ಮ ತಕರಾರು ಎರಡನೆಯದರ ಬಗ್ಗೆ. ಯಾವ ಉದ್ಯಮಕ್ಕೂ ಕಚ್ಚಾ ಸಾಮಗ್ರಿ ಬೇಕು. ಜಲಪಾತಗಳು, ಬೆಟ್ಟದ ನೆತ್ತಿಗಳು ಈಗಾಗಲೇ ಆ ಸಾಮಗ್ರಿಯಾಗಿವೆ. ಮುಂದಿನ ಸರದಿ ಊರಿನ ಹಿಂದೆ ಮೌನವಾಗಿ ನಿಂತಿರುವ ಕಾನುಗಳದ್ದು.

ಕಾನು ಎಂದರೇನೆಂದು ತಿಳಿಯದ ವಿದ್ಯಾರ್ಥಿಗಳಿಗಾಗಿ ಎರಡು ಮಾತು. ಉತ್ತರ ಕನ್ನಡ ಮತ್ತು ಶಿವಮೊಗ್ಗ ಜಿಲ್ಲೆಗಳಲ್ಲಿ ಹಳ್ಳದ ಮೂಲವನ್ನು ಹೊದ್ದುಕೊಂಡಿರುವ ನಿತ್ಯಹರಿದ್ವರ್ಣದ ದಟ್ಟ ಕಾಡಿಗೆ ಈ ಹೆಸರು. ಅದರ ಕೆಳಗೆ ಅಡಿಕೆ ತೋಟ, ತೋಟದಾಚೆ ಗದ್ದೆ, ಪಕ್ಕದಲ್ಲಿ ಸೊಪ್ಪಿನ ಬೆಟ್ಟ, ಮೇಲೆ ದನ ಮೇಯುವ ಬೇಣ. ಇವೆಲ್ಲವೂ ಒಂದೇ ಸಂಸಾರದ ಸದಸ್ಯರು. ಬೇಸಿಗೆಯಲ್ಲಿ ತೋಟದ ಕಾಲುವೆಯಲ್ಲಿ ಹರಿಯುವ ನೀರು ಮಳೆಗಾಲದಲ್ಲಿ ಕಾನಿನ ನೆಲ ಹೀರಿಟ್ಟುಕೊಂಡ ನೀರೇ ಆಗಿದೆ. ಕಾಳುಮೆಣಸು, ಉಪ್ಪಾಗೆ, ಮುರುಗಲು, ದಾಲ್ಚಿನ್ನಿ, ಬಗನೆ ಇವುಗಳನ್ನು ನಮ್ಮ ಹಿರಿಯರು ಅಲ್ಲಿಂದಲೇ ತಂದರು. ಅನೇಕ ಕಾನುಗಳಲ್ಲಿ ದೇವರ ಬನವಿತ್ತು. ಅಲ್ಲಿ ಕೊಡಲಿಗೆ ಪ್ರವೇಶವಿರಲಿಲ್ಲ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕೊಂದರಲ್ಲಿಯೇ 171 ಕಾನುಗಳನ್ನು ದಾಖಲಿಸಿದರು. ಅವುಗಳ ಒಟ್ಟು ವಿಸ್ತೀರ್ಣ 32 ಸಾವಿರ ಎಕರೆಗೂ ಮಿಕ್ಕಿತ್ತು. ಅಷ್ಟು ಕಾಡು ಅಷ್ಟು ಕಾಲ ಉಳಿದದ್ದು ಯಾವ ಬೇಲಿಯಿಂದಲೂ ಅಲ್ಲ, ಊರಿನ ಕಟ್ಟಳೆಯಿಂದ. ಅನಂತರ ಸರ್ಕಾರ ಆ ಕಟ್ಟಳೆಯನ್ನು ಕಿತ್ತುಕೊಂಡಿತು, ಪ್ಲೈವುಡ್ಡಿಗೂ ಬೆಂಕಿಕಡ್ಡಿಗೂ ಮೆದುಮರಗಳು ಉರುಳಿದವು. ಈಗ ಉಳಿದಿರುವುದು ಚೂರುಪಾರು.

ಆ ಚೂರುಗಳಲ್ಲಿ ಒಂದು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು. ಹೊನ್ನಾವರದಿಂದ ಘಟ್ಟ ಹತ್ತುವ ಹೆದ್ದಾರಿಯ ಪಕ್ಕದಲ್ಲಿಯೇ ಇದೆ. ವಿಜ್ಞಾನಿಗಳ ಬರವಣಿಗೆಯಿಂದ ಈಗಾಗಲೇ ಹೆಸರಾಗಿದೆ. ಇಲ್ಲಿ ರಾಮಪತ್ರೆ ಜಡ್ಡಿಯೆಂಬ ಅಪರೂಪದ ಜೌಗುಕಾಡಿದೆ. ವರ್ಷವಿಡೀ ಒದ್ದೆಯಾಗಿರುವ ಕೆಸರಿನಿಂದ ಮೊಣಕಾಲು ಮಡಿಸಿದಂತೆ ಉಸಿರುಬೇರುಗಳು ಮೇಲೆದ್ದಿರುತ್ತವೆ. ಈ ಮರಗಳ ಬೀಜ ಒಣಗಿದರೆ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಒದ್ದೆ ನೆಲದಲ್ಲಿ ಬಿದ್ದು ಬೇಗನೆ ಮೊಳೆತರೆ ಬದುಕು, ಇಲ್ಲದಿದ್ದರೆ ಇಲ್ಲ. ಇದೇ ಕಾನಿನ ಹೆಸರು ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರ ವಿಜ್ಞಾನಕ್ಕೆ ಪರಿಚಯವಾದದ್ದು 2000ದಲ್ಲಿ. ಇಲ್ಲಿನ ಹಳ್ಳದ ಕುಂಬಾರ ಕಪ್ಪೆಗೆ ವೈಜ್ಞಾನಿಕ ಹೆಸರು ಬಂದದ್ದು 2014ರಲ್ಲಿ. ಮಳೆಗಾಲದ ರಾತ್ರಿಗಳಲ್ಲಿ ಗಂಡುಕಪ್ಪೆ ಹಳ್ಳದ ಕೆಸರನ್ನು ಮುಂಗೈಯಲ್ಲಿ ಎತ್ತಿ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಆ ಒಂದು ಲೇಪದ ಮರೆಯಲ್ಲಿ ಒಂದು ಸಂತತಿ ಬೆಳೆಯುತ್ತದೆ.

ಈಗ ಒಂದು ಲೆಕ್ಕ ಹಾಕಿ. ನಗರದ ಜನ ಮಲೆನಾಡಿಗೆ ದಂಡೆತ್ತಿ ಬರುವುದು ಯಾವಾಗ? ಮಳೆಗಾಲದಲ್ಲಿ. ಹಳ್ಳಕ್ಕೆ ಇಳಿದು ಚಿತ್ರ ತೆಗೆಸಿಕೊಳ್ಳುವುದು ಯಾವಾಗ? ಮಳೆಗಾಲದಲ್ಲಿ. ಕಪ್ಪೆ ಮೊಟ್ಟೆಗೆ ಕೆಸರು ಮೆತ್ತುವುದೂ ಮಳೆಗಾಲದಲ್ಲಿಯೇ. ಬಂದವರು ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಪ್ಲಾಸ್ಟಿಕ್ ಎಸೆಯದ, ಹೂ ಕೀಳದ ಸಜ್ಜನನ ಕಾಲೂ ಮೊಳಕೆಯನ್ನು ತುಳಿಯುತ್ತದೆ. ಒಬ್ಬ ನಡೆದರೆ ನೆಲ ತಾಳಿಕೊಳ್ಳುತ್ತದೆ. ಸಾವಿರ ಜನ ನಡೆದರೆ ಮೆತ್ತಗಿದ್ದ ಮಣ್ಣು ಗಟ್ಟಿಯಾಗುತ್ತದೆ, ಇಂಗಬೇಕಾದ ನೀರು ಹರಿದು ಹೋಗುತ್ತದೆ. ಆಗ ಬತ್ತುವುದು ಪ್ರವಾಸಿಯ ನಲ್ಲಿಯಲ್ಲ, ಕೆಳಗಿನ ತೋಟದ ಕಾಲುವೆ.

ಜನಜಾತ್ರೆಯ ಪರಿಣಾಮಗಳನ್ನು ಸರ್ಕಾರವೂ ಕಂಡಿದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಸಾಲುಗಟ್ಟಿ ನಿಂತ ದೃಶ್ಯ ನಾಡಿಗೆಲ್ಲ ತಿಳಿಯಿತು. ಆ ಬಳಿಕ ಆನ್‌ಲೈನ್ ನೋಂದಣಿ ಇಲ್ಲದ ಚಾರಣಗಳನ್ನು ನಿಲ್ಲಿಸಲಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ದಿನಕ್ಕೆ 300 ಜನರ ಮಿತಿಯೊಂದಿಗೆ ಮತ್ತೆ ಆರಂಭಿಸಲಾಯಿತು. 2025ರಲ್ಲಿ ಮುಳ್ಳಯ್ಯನಗಿರಿಗೂ ಮುಂಗಡ ನೋಂದಣಿ ಬಂದಿತು. ಇವು ಸ್ವಾಗತಾರ್ಹ ಕ್ರಮಗಳೇ. ಆದರೆ ಸಂಖ್ಯೆಯನ್ನು ನಿರ್ಧರಿಸುವವರು ಯಾರು? ಕಾಡಿನ ಅಂಚಿನಲ್ಲಿ ಬದುಕುವ ಊರನ್ನು ಕೇಳಿದವರು ಯಾರು? ಬೆಟ್ಟದ ನೆತ್ತಿ ಮುನ್ನೂರು ಜನರನ್ನು ತಾಳೀತು. ಹತ್ತೆಕರೆ ಜಡ್ಡಿ ಮೂವತ್ತು ಜನರನ್ನೂ ತಾಳಲಾರದು. ಆ ವ್ಯತ್ಯಾಸ ಗೊತ್ತಿರುವುದು ಆ ಊರಿನವರಿಗೆ.

ಅದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಇಲಾಖೆಯ ಕಾರ್ಯಯೋಜನೆಯಲ್ಲಿ ಸೇರಿದ ಪರಿಸರ ಪ್ರವಾಸದ ಸೌಲಭ್ಯಗಳು ಇನ್ನು 'ಅರಣ್ಯೇತರ ಚಟುವಟಿಕೆ' ಅಲ್ಲ. ಈ ತಿದ್ದುಪಡಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆಯೆಂಬುದು ಬೇರೆ ಮಾತು. ಇದರ ಅರ್ಥವನ್ನು ಗಮನಿಸಿ. ಹೊರೆ ದರಕು ಹೊತ್ತು ತರುವ ಹೆಂಗಸು ಕಾಡಿಗೆ ಅಪಾಯವೆಂದು ಶತಮಾನದಿಂದ ಹೇಳುತ್ತ ಬಂದ ವ್ಯವಸ್ಥೆಗೆ ಕಾಂಕ್ರೀಟಿನ ಕಂಬ ನೆಟ್ಟ ಕುಟೀರ ಕಾಡಿನ ಭಾಗವಾಗಿ ಕಾಣುತ್ತದೆ! ಸೊಪ್ಪಿನ ಕತ್ತಿಗೆ ದಂಡ, ಜನರೇಟರಿಗೆ ಪರವಾನಗಿ. ಇಂತಹ ನ್ಯಾಯವನ್ನು ಮಲೆನಾಡು ಒಪ್ಪಬೇಕೇ?

ಇದಕ್ಕೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಪ್ರವಾಸಿಗರು ಬಂದರೆ ಯುವಕರಿಗೆ ಉದ್ಯೋಗ ದೊರೆಯುತ್ತದೆ ಎಂಬುದು ಒಂದು. ನಮ್ಮ ಹುಡುಗರು ಊರು ಬಿಡುತ್ತಿರುವ ನೋವು ನಮಗೂ ಇದೆ. ಈ ವಾದವನ್ನು ತಳ್ಳಿಹಾಕಲಾಗದು. ಆದರೆ ಹೊರಗಿನ ಬಂಡವಾಳದ ರೆಸಾರ್ಟಿನಲ್ಲಿ ತಟ್ಟೆ ಎತ್ತುವುದೂ, ತನ್ನ ಊರಿನ ಕಾನನ್ನು ತಾನೇ ಪರಿಚಯಿಸಿ ತನ್ನ ಮನೆಯಲ್ಲಿ ಊಟ ಹಾಕಿ ಗೌರವಧನ ಪಡೆಯುವುದೂ ಒಂದೇ ಅಲ್ಲ. ಎರಡನೆಯದಕ್ಕೆ ನಮ್ಮ ಬೆಂಬಲವಿದೆ. ನೋಡಿದರೆ ತಾನೇ ಜನ ಕಾಡನ್ನು ಪ್ರೀತಿಸುವುದು ಎಂಬುದು ಇನ್ನೊಂದು ಉತ್ತರ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತರು. ಅವರು ಕಾಡನ್ನು ನೋಡಲು ಬಂದವರಲ್ಲ. ಅದರ ನೀರು ಕುಡಿದವರು, ಅದರ ಸೊಪ್ಪು ತಂದವರು. ಕೊಡಲಿ ಬಂದ ದಿನ ಕಾಡಿನ ಮುಂದೆ ನಿಲ್ಲುವವರು ಅಂಥವರೇ. ದೂರದವರೂ ಅವರ ಜೊತೆ ನಿಲ್ಲಬಲ್ಲರು, ನಿಂತಿದ್ದಾರೆ; ಆದರೆ ಅದಕ್ಕೆ ಊರಿನ ಪರಿಚಯ ಬೇಕು, ಕೇವಲ ದೃಶ್ಯದ ಪರಿಚಯ ಸಾಲದು.

ಹಾಗಾದರೆ ವಿದ್ಯಾರ್ಥಿಗಳು ಕಾನಿಗೆ ಬರಬಾರದೇ? ಖಂಡಿತ ಬನ್ನಿ. ಮೊದಲು ಊರಿಗೆ ಬನ್ನಿ. ಹಿರಿಯರನ್ನು ಕಂಡು ಕೇಳಿ. ಬೇಡವೆಂದರೆ ಮರುಮಾತಿಲ್ಲದೆ ಹಿಂತಿರುಗಿ. ವಾಹನವನ್ನು ಊರಿನಲ್ಲಿಯೇ ಬಿಟ್ಟು, ಊರಿನವರೊಬ್ಬರ ಹಿಂದೆ ನಾಲ್ಕಾರು ಜನ ಮಾತ್ರ ನಡೆಯಿರಿ. ತೋಟದ ಸಂಕ, ಗದ್ದೆಯ ಅಂಚು, ಬೇಣದ ಏರು ಇವೆಲ್ಲವನ್ನೂ ದಾಟಿ ಹೋದರೆ ಮಾತ್ರ ಕಾನು ಏನೆಂದು ಅರ್ಥವಾಗುತ್ತದೆ. ಹಳ್ಳಕ್ಕೆ ಇಳಿಯಬೇಡಿ, ಮಂಗಗಳಿಗೆ ತಿಂಡಿ ಎಸೆಯಬೇಡಿ. ಅರ್ಧ ಗಂಟೆ ಸುಮ್ಮನೆ ಕುಳಿತು ಕೇಳಿ. ಮನೆಗೆ ಹೋದ ಮೇಲೆ ಆ ಜಾಗದ ಗುರುತನ್ನು ಜಗತ್ತಿಗೆಲ್ಲ ಸಾರಬೇಡಿ. ಕತ್ತಲೆಕಾನಿನ ಹೆಸರು ಎಲ್ಲರಿಗೂ ತಿಳಿದದ್ದು, ಆದುದರಿಂದ ಇಲ್ಲಿ ಬರೆದಿದ್ದೇವೆ. ನಮ್ಮ ನಿಮ್ಮ ಊರುಗಳ ಹೆಸರಿಲ್ಲದ ಸಣ್ಣ ಕಾನುಗಳನ್ನು ಈ ಪತ್ರಿಕೆ ಬರೆಯುವುದಿಲ್ಲ.

ಗ್ರಾಮಸ್ಥರಿಗೆ ನಮ್ಮ ವಿನಂತಿ ಬೇರೆ. ಕಾನೂನು ನಮ್ಮ ಕೈಯಲ್ಲಿ ಏನನ್ನೂ ಕೊಟ್ಟಿಲ್ಲವೆಂದು ಸುಮ್ಮನಿರಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆಯ 5ನೆಯ ಕಲಮು ಸಮುದಾಯದ ಅರಣ್ಯಕ್ಕೆ ಯಾರು ಹೇಗೆ ಪ್ರವೇಶಿಸಬೇಕೆಂದು ನಿಯಂತ್ರಿಸುವ ಅಧಿಕಾರವನ್ನು ಗ್ರಾಮಸಭೆಗೆ ನೀಡಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದೇ ಕಾಯ್ದೆಯಡಿ ಚಿಕ್ಕಮಗಳೂರು ಜಿಲ್ಲೆಯ ಹೊಗ್ರೇಕಾನು 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ನಿಮ್ಮ ಪಂಚಾಯಿತಿಯ ಸಮಿತಿ ಕಾಗದದ ಮೇಲೆ ಮಾತ್ರ ಇದೆಯೇ ಎಂದು ವಿಚಾರಿಸಿ. ಮುಂದಿನ ಗ್ರಾಮಸಭೆಯಲ್ಲಿ ಮೂರು ಠರಾವುಗಳನ್ನು ಮಂಡಿಸಿ:

1. ಊರಿನ ಕಾನಿನೊಳಗೆ ರಸ್ತೆ, ಕಟ್ಟಡ, ದೀಪ, ವೀಕ್ಷಣಾ ಗೋಪುರ ಯಾವುದೂ ಕೂಡದು.

2. ಸಂದರ್ಶಕರ ಸಂಖ್ಯೆ, ಕಾಲ ಮತ್ತು ದಾರಿಯನ್ನು ಗ್ರಾಮಸಭೆಯೇ ನಿರ್ಧರಿಸಬೇಕು; ಮಳೆಗಾಲದಲ್ಲಿ ಜಡ್ಡಿ ಮತ್ತು ಹಳ್ಳಗಳಿಗೆ ಪ್ರವೇಶ ಬೇಡ.

3. ಯಾವುದೇ ಪರಿಸರ ಪ್ರವಾಸ ಯೋಜನೆ ಇಲಾಖೆಯ ಕಡತಕ್ಕೆ ಸೇರುವ ಮೊದಲು ಗ್ರಾಮಸಭೆಯ ಮುಂದೆ ಬರಬೇಕು.

ಯೋಜನೆಗಳು ಬಂದ ಮೇಲೆ ವಿರೋಧಿಸುವುದು ಎಷ್ಟು ಕಷ್ಟವೆಂಬುದನ್ನು ಶರಾವತಿ, ಕಾಳಿ ಕಣಿವೆಗಳ ಜನರಿಗೆ ಹೇಳಿಕೊಡಬೇಕಾಗಿಲ್ಲ. ಈ ಬಾರಿ ಯೋಜನೆ ಬರುವ ಮೊದಲೇ ಠರಾವು ಸಿದ್ಧವಿರಲಿ. ಅದರ ಪ್ರತಿಯೊಂದನ್ನು ಪಂಚಾಯಿತಿಯ ಮುದ್ರೆಯೊಂದಿಗೆ ನಿಮ್ಮ ಊರಿನಲ್ಲಿಯೇ ಕಾಪಿಟ್ಟುಕೊಳ್ಳಿ.