ಸರಾಸರಿ ಎಂಬ ಮಾಯೆ

ಯುಗಾದಿಯ ದಿನ ಬೇವು-ಬೆಲ್ಲ ಸವಿದ ಬಳಿಕ ಪಂಚಾಂಗ ಶ್ರವಣ ಮಾಡುವ ಮನೆಗಳು ಇಂದಿಗೂ ಉಂಟು. ಈ ಸಂವತ್ಸರಕ್ಕೆ ರಾಜನಾರು, ಮಂತ್ರಿಯಾರು, ಸಸ್ಯಾಧಿಪತಿ ಯಾರು ಎಂದು ಓದುತ್ತ ಹೋಗುವ ಶಾಸ್ತ್ರಿಗಳು ಮಳೆಯ ಮಾತಿಗೆ ಬಂದಾಗ, ಅದುವರೆಗೆ ತೂಕಡಿಸುತ್ತಿದ್ದವರ ಕಿವಿಯೂ ನಿಮಿರುತ್ತದೆ. ಇಷ್ಟು ಕೊಳಗ ಮಳೆ. ಅದರಲ್ಲಿ ಸಮುದ್ರಕ್ಕೆ ಇಷ್ಟು ಪಾಲು, ಪರ್ವತಕ್ಕೆ ಇಷ್ಟು, ಭೂಮಿಗೆ ಇಷ್ಟು ಎಂದು ಹಂಚಿಕೆಯ ಪಟ್ಟಿ ಬರುತ್ತದೆ. ಆ ಅಂಕಿಗಳನ್ನು ನಂಬುವುದೂ ಬಿಡುವುದೂ ವಾಚಕರ ಚಿತ್ತಕ್ಕೆ ಸೇರಿದ್ದು. ಆದರೆ ಪಂಚಾಂಗ ಬರೆದ ಹಿರಿಯರಿಗೆ ಒಂದು ವಿವೇಕವಿತ್ತೆಂಬುದನ್ನು ಒಪ್ಪಲೇಬೇಕು. ಮಳೆ ಎಷ್ಟು ಬಿತ್ತು ಎಂದು ಕೇಳಿ ಸುಮ್ಮನಾದರೆ ಸಾಲದು, ಅದು ಯಾರ ಪಾಲಿಗೆ ಬಿತ್ತು ಎಂದೂ ಕೇಳಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

ನಮ್ಮ ಕಾಲದ ಪಂಚಾಂಗಕ್ಕೆ ‘ಸರಾಸರಿ’ ಎಂದು ಹೆಸರು. ಹೊಳೆಯ ಆಳ ಸರಾಸರಿ ಮೊಳಕಾಲುದ್ದವೆಂದು ಗುಣಿಸಿ ನೋಡಿ, ಹೆಂಡತಿ ಮಕ್ಕಳನ್ನು ಧೈರ್ಯವಾಗಿ ನೀರಿಗಿಳಿಸಿದ ಲೆಕ್ಕಿಗನ ಕಥೆಯನ್ನು ಕೇಳದವರಾರು? ಅವನ ಲೆಕ್ಕ ಸರಿಯಾಗಿಯೇ ಇತ್ತು. ದಡ ಸೇರಿದವರು ಮಾತ್ರ ಯಾರೂ ಇರಲಿಲ್ಲ. ಬೀದರ ಜಿಲ್ಲೆಯ ಮಳೆಯ ಲೆಕ್ಕವೂ ಇದೇ ಜಾತಿಯದು. ಅಲ್ಲಿ ವರ್ಷಕ್ಕೆ ಸರಾಸರಿ ೮೦೦ರಿಂದ ೯೦೦ ಮಿಲಿಮೀಟರ್ ಮಳೆಯಾಗುತ್ತದೆ. ಲಂಡನ್ ನಗರಕ್ಕೆ ಸುರಿಯುವುದು ಸುಮಾರು ೬೦೦. ಈ ಅಂಕಿಗಳನ್ನೇ ನೆಚ್ಚಿದರೆ ಸದಾ ಛತ್ರಿ ಹಿಡಿದು ತಿರುಗಬೇಕಾದವರು ಹುಮನಾಬಾದಿನವರು! ಲಂಡನ್ನಿನ ಮಳೆ ಹನ್ನೆರಡು ತಿಂಗಳೂ ಜಿನುಗುವಂಥದು. ನಮ್ಮ ಮಳೆಯ ಐದರಲ್ಲಿ ನಾಲ್ಕು ಪಾಲು ಮುಂಗಾರಿನ ನಾಲ್ಕು ತಿಂಗಳಲ್ಲೇ ಬಂದು ಹೋಗುತ್ತದೆ. ಆ ನಾಲ್ಕು ತಿಂಗಳಲ್ಲಿಯೂ ಎಣಿಸಿದಷ್ಟೇ ದಿನಗಳು ಅದರ ಬಹುಭಾಗವನ್ನು ನುಂಗಿಬಿಡುತ್ತವೆ.

ಈ ವಾರ ವಾಚಕರನ್ನು ಬಸವಕಲ್ಯಾಣ, ಹುಮನಾಬಾದ್‌ಗಳ ಕಡೆಗೆ ಕರೆದೊಯ್ಯಬೇಕೆಂದಿದ್ದೇನೆ. ಕಲ್ಯಾಣವೆಂದೊಡನೆ ಕನ್ನಡಿಗನ ಮನಸ್ಸು ಚಾಲುಕ್ಯರ ರಾಜಧಾನಿಗೆ, ಹನ್ನೆರಡನೆಯ ಶತಮಾನದ ಶರಣರ ಅನುಭವ ಮಂಟಪಕ್ಕೆ ಹಾರುವುದು ಸಹಜ. ಇಂದು ಆ ಊರಿನ ಚರಿತ್ರೆಯನ್ನು ಬದಿಗಿರಿಸಿ ಅದರ ನೆಲವನ್ನು ನೋಡೋಣ. ಬಸವಕಲ್ಯಾಣದ ಸೀಮೆ ಎರಡು ಮಹಾನದಿಗಳ ನಡುವಣ ದಿಣ್ಣೆ. ಒಂದು ಮಗ್ಗುಲಿಗೆ ಬಿದ್ದ ಹನಿ ಚುಳಕಿ ನಾಲೆ, ಕಾರಂಜಾ, ಮಾಂಜ್ರಾಗಳನ್ನು ಹಿಡಿದು ಗೋದಾವರಿಯನ್ನು ಸೇರುತ್ತದೆ; ಇನ್ನೊಂದು ಮಗ್ಗುಲಿನ ಹನಿ ಮುಲ್ಲಾಮಾರಿ, ಕಾಗಿಣಾ, ಭೀಮಾಗಳ ಜೊತೆಗೂಡಿ ಕೃಷ್ಣೆಯನ್ನು ಸೇರುತ್ತದೆ. ಎರಡು ನದಿಗಳಿಗೂ ನೀರು ಕೊಡುವ ಈ ಊರುಗಳಿಗೆ ಬೇರೆಡೆಯಿಂದ ನೀರು ತಂದುಕೊಡುವ ಮಹಾನದಿ ಯಾವುದೂ ಇಲ್ಲ. ಮೇಲಿನಿಂದ ಬಿದ್ದದ್ದನ್ನು ಹಿಡಿದುಕೊಂಡರೆ ಉಂಟು, ಬಿಟ್ಟರೆ ಇಲ್ಲ. ನೆಲವಾದರೋ ಹೆಚ್ಚಾಗಿ ಕಪ್ಪುಕಲ್ಲಿನ ಮೇಲೆ ಹರಡಿದ ಎರೆಮಣ್ಣು. ಮೆಲ್ಲನೆ ಬಿದ್ದ ಮಳೆಯನ್ನು ಅದು ತಾಯಿಯಂತೆ ಎದೆಗವಚಿಕೊಳ್ಳುತ್ತದೆ. ಒಮ್ಮೆಲೇ ಸುರಿದರೆ ಉಬ್ಬಿ, ಬಿರುಕುಗಳನ್ನು ಮುಚ್ಚಿಕೊಂಡು, ನೀರನ್ನು ಹಳ್ಳಕ್ಕೆ ನೂಕಿಬಿಡುತ್ತದೆ. ಕೆಳಗಿನ ಕಲ್ಲಿನಲ್ಲಿ ನೀರು ನಿಲ್ಲಲು ಇರುವ ಎಡೆ ಅತ್ಯಲ್ಪ.

ಇಂಥ ನೆಲದ ಒಕ್ಕಲುತನವೆಲ್ಲ ಮಳೆಯ ನಕ್ಷತ್ರಗಳಿಗೆ ಗಂಟು ಹಾಕಿಕೊಂಡದ್ದು. ಜೂನ್ ಮೊದಲ ವಾರ ಮಿರಗ ಕೂಡಿದೊಡನೆ ಕೂರಿಗೆ ಹೊಲಕ್ಕಿಳಿಯಬೇಕು. ಹೆಸರು, ಉದ್ದು ಬೇಗ ಬಂದು ಕೈಗೆ ನಾಲ್ಕು ಕಾಸು ಕೊಡುವ ಬೆಳೆಗಳು. ಸೋಯಾ ಅವಕ್ಕಿಂತ ತುಸು ತಡ. ತೊಗರಿ ಎಲ್ಲಕ್ಕೂ ಹಿಂದೆ ಉಳಿದು, ಚಳಿಗೆ ಹೂ ಬಿಟ್ಟು, ಎಳ್ಳ ಅಮಾವಾಸ್ಯೆಯ ಸುಮಾರಿಗೆ ಕೊಯ್ಲಿಗೆ ಬರುವಂಥದು. ಆ ಹಬ್ಬದ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಭಜ್ಜಿ-ರೊಟ್ಟಿ ಉಣ್ಣುವುದನ್ನು ಕಂಡವರು ಮರೆಯಲಾರರು. ಈ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೂ ವರ್ಷ ಕೆಟ್ಟಂತೆ. ಬಿತ್ತಿದ ಮೇಲೆ ಮೂರು ವಾರ ಮಳೆ ತಡೆದರೆ ಮೊಳಕೆ ಒಣಗುತ್ತದೆ. ಹೆಸರು ಬಲಿತಾಗ ವಾರವಿಡೀ ಸುರಿದರೆ ಕಾಯಿ ಗಿಡದಲ್ಲೇ ಮೊಳೆಯುತ್ತದೆ. ತೊಗರಿ ಹೂವಾದಾಗ ಮೋಡ ಮುಸುಕಿದರೆ ಹೂ ಉದುರಿ ಕಾಯಿಕೊರಕ ಹುಳುವಿಗೆ ಸುಗ್ಗಿ. ಹೀಗೆ ಮೂರು ಬಾರಿ ಪೆಟ್ಟು ತಿಂದ ರೈತನ ತಾಲ್ಲೂಕಿನ ವರ್ಷದ ಮಳೆ ‘ವಾಡಿಕೆಯಷ್ಟು’ ಎಂದು ಸರಕಾರದ ದಫ್ತರದಲ್ಲಿ ದಾಖಲಾಗಿದ್ದರೆ ಆಶ್ಚರ್ಯವೇನೂ ಇಲ್ಲ.

ಇದು ಕಲ್ಪನೆಯ ಮಾತೆಂದು ಯಾರೂ ತಿಳಿಯಬಾರದು. ೨೦೧೪ರ ಮಾರ್ಚಿಯಲ್ಲಿ ಮರಾಠವಾಡೆಯಿಂದ ಬೀದರ, ಕಲಬುರ್ಗಿ, ವಿಜಯಪುರದವರೆಗೆ ಆಲಿಕಲ್ಲಿನ ಮಳೆ ಸುರಿದು ಹಿಂಗಾರಿ ಪೈರು ಹಾಳಾಯಿತು. ಆ ವರ್ಷವೂ ಮರುವರ್ಷವೂ ಮುಂಗಾರು ಕೈಕೊಟ್ಟಿತು. ೨೦೧೬ರ ಏಪ್ರಿಲಿನಲ್ಲಿ ನೆರೆಯ ಲಾತೂರಿಗೆ ಮುನ್ನೂರು ಕಿಲೋಮೀಟರಿಗೂ ದೂರದ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರು ಸಾಗಿಸಬೇಕಾಯಿತು. ಆ ಊರಿಗೆ ನೀರು ಕೊಡುತ್ತಿದ್ದ ಮಾಂಜ್ರಾ ಜಲಾಶಯ ಬರಿದಾಗಿ ಬಿರುಕು ಬಿಟ್ಟಿತ್ತು. ಅದೇ ವರ್ಷದ ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಅದೇ ಜಲಾಶಯ ತುಂಬಿ, ಅದೇ ನದಿ ದಡ ಮೀರಿ ಹರಿಯಿತು. ಬೇಸಿಗೆಯ ಬರ, ಮಳೆಗಾಲದ ನೆರೆ ಎರಡನ್ನೂ ಕೂಡಿಸಿ ಭಾಗಿಸಿದರೆ ಸಿಗುವ ಸರಾಸರಿ ಅತ್ಯಂತ ಸಮಾಧಾನಕರವಾಗಿದ್ದೀತು!

ನಗರದ ಗೃಹಿಣಿಯರಿಗೆ ಈ ಕಥೆ ಬೇರೊಂದು ರೂಪದಲ್ಲಿ ನೆನಪಿರಬೇಕು. ೨೦೧೫ರ ದಸರೆ-ದೀಪಾವಳಿಯ ಹೊತ್ತಿಗೆ ತೊಗರಿಬೇಳೆಯ ಬೆಲೆ ಕಿಲೋಗೆ ಇನ್ನೂರು ರೂಪಾಯಿಯ ಸುತ್ತ ಸುಳಿದಾಡಿ, ಸಾರು ಬರಬರುತ್ತ ತಿಳಿಯಾಯಿತು. ಮರುವರ್ಷ ಮಳೆ ಬಂದು ತೊಗರಿ ಹುಲುಸಾಗಿ ಬೆಳೆಯಿತು. ಆಗ ಬೆಲೆ ಕುಸಿಯಿತು. ೨೦೧೭ರ ಆರಂಭದಲ್ಲಿ ರೈತನ ತೊಗರಿಗೆ, ಕ್ವಿಂಟಲಿಗೆ ಗೊತ್ತುಮಾಡಿದ್ದ ೫,೦೫೦ ರೂಪಾಯಿಯ ಬೆಂಬಲ ಬೆಲೆಯೂ ಪೇಟೆಯಲ್ಲಿ ಹುಟ್ಟಲಿಲ್ಲ. ಒಂದು ವರ್ಷ ಉಣ್ಣುವವನು ಅತ್ತ, ಮುಂದಿನ ವರ್ಷ ಬೆಳೆದವನು ಅತ್ತ. ಕಲ್ಯಾಣದ ಆಕಾಶಕ್ಕೂ ಬೆಂಗಳೂರಿನ ಅಡಿಗೆಮನೆಗೂ ಇರುವ ನಂಟು ಇಷ್ಟು ಹತ್ತಿರದ್ದು.

“ಬರ, ನೆರೆ ಹೊಸವೇನು? ದಖ್ಖಣಕ್ಕೆ ಅವು ಹಳೆಯ ನೆಂಟರಲ್ಲವೆ?” ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಮೊದಲಾಗಿ ಹನ್ನೆರಡು ವರ್ಷ ಕಾಡಿತೆಂದು ಹೇಳುವ ದುರ್ಗಾದೇವಿ ಬರವುಂಟು. ೧೮೭೬-೭೮ರ ಘೋರ ಕ್ಷಾಮವುಂಟು. ೧೯೭೨ರ ಬರವನ್ನು ಕಣ್ಣಾರೆ ಕಂಡ ಹಿರಿಯರು ಇನ್ನೂ ನಮ್ಮೊಡನಿದ್ದಾರೆ. ಹೊಸದಾಗಿರುವುದು ಈ ಹಳೆಯ ಪೀಡೆಗಳ ಬೆನ್ನಿಗೆ ನಿಂತಿರುವ ಶಾಖ. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿದಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಭೂಮಿಗೆ ಕಂಬಳಿ ಹೊದಿಸಿದಂತೆ ಶಾಖವನ್ನು ತಡೆದಿಡುತ್ತದೆ. ಅದು ಹೆಚ್ಚಿದರೆ ಲೋಕವೆಷ್ಟು ಬಿಸಿಯಾದೀತೆಂದು ಸ್ವೀಡನ್ನಿನ ಅರ್ಹೇನಿಯಸ್ ೧೮೯೬ರಲ್ಲಿಯೇ ಗುಣಿಸಿದ್ದನು. ಕೈಗಾರಿಕೆಗಳಿಗೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲ ಸುಮಾರು ೨೮೦ ಭಾಗವಿತ್ತು. ೧೯೫೮ರಲ್ಲಿ ಹವಾಯಿ ದ್ವೀಪದ ಪರ್ವತದ ಮೇಲೆ ಕೀಲಿಂಗ್ ಅಳೆಯತೊಡಗಿದಾಗ ೩೧೫ ಆಗಿತ್ತು. ೨೦೨೪ರಲ್ಲಿ ೪೨೪ನ್ನು ದಾಟಿತು. ಆ ೨೦೨೪ನೆಯ ಇಸವಿ, ಅಳತೆ ಆರಂಭವಾದಂದಿನಿಂದ ಅದುವರೆಗೆ ಕಂಡ ವರ್ಷಗಳಲ್ಲೆಲ್ಲ ಅತ್ಯಂತ ಬಿಸಿಯಾದ ವರ್ಷವೆನಿಸಿತು.

ಶಾಖಕ್ಕೂ ಮಳೆಯ ಚೆಲ್ಲಾಟಕ್ಕೂ ಏನು ಸಂಬಂಧ? ಗಾಳಿಯನ್ನು ನೀರು ಹೊರುವ ಹೆಣ್ಣುಮಗಳಿಗೆ ಹೋಲಿಸೋಣ. ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿ ಹೊರಬಲ್ಲ ನೀರಾವಿ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚುತ್ತದೆ. ಎಂದರೆ ಆಕೆಯ ಕೊಡ ದೊಡ್ಡದಾಯಿತು. ದೊಡ್ಡ ಕೊಡ ತುಂಬಲು ಹೆಚ್ಚು ಹೊತ್ತು ಬೇಕು, ಆ ಹೊತ್ತಿನಲ್ಲಿ ನೆಲದ ಪಸೆಯನ್ನೂ ಆಕೆ ಬಳಿದುಕೊಳ್ಳುತ್ತಾಳೆ. ತುಂಬಿದ ಕೊಡ ಉರುಳಿದಾಗಲೋ, ಚೆಲ್ಲುವ ನೀರು ಹಿಂದಿಗಿಂತ ಹೆಚ್ಚು. ದೀರ್ಘವಾದ ಒಣ ಬಿಡುವು, ನಡುವೆ ಕುಂಭದ್ರೋಣ ಮಳೆ ಎಂಬ ಹೊಸ ಕ್ರಮದ ಗುಟ್ಟು ಬಹುಮಟ್ಟಿಗೆ ಇಷ್ಟೇ. ೧೯೫೦ರಿಂದ ೨೦೧೫ರವರೆಗಿನ ದಾಖಲೆಗಳನ್ನು ಶೋಧಿಸಿದ ಪುಣೆಯ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು, ಮಧ್ಯಭಾರತದಲ್ಲಿ ವಿಸ್ತಾರ ಪ್ರದೇಶವನ್ನು ಆವರಿಸುವ ಅತಿವೃಷ್ಟಿಗಳು ಮೂರು ಪಟ್ಟಾಗಿವೆಯೆಂದು ೨೦೧೭ರಲ್ಲಿ ಪ್ರಕಟಿಸಿದರು. ಆ ಸೀಮೆ ಬೀದರಿನ ಉತ್ತರಕ್ಕೆ ಹಬ್ಬಿದ ನೆರೆಸೀಮೆ. ಒಂದೊಂದು ಮಳೆಯ ತಪ್ಪನ್ನೂ ವಾಯುಗುಣದ ಬದಲಾವಣೆಯ ತಲೆಗೇ ಕಟ್ಟುವುದು ವಿಜ್ಞಾನವಲ್ಲ. ದಾಳದ ಒಂದು ಮಗ್ಗುಲಿಗೆ ಸೀಸ ತುಂಬಿದ ಮೇಲೂ ಯಾವ ಗರ ಬೀಳುತ್ತದೆಂದು ಹೇಳಲಾಗದು. ಆಟ ಯಾವ ಕಡೆಗೆ ವಾಲಿತೆಂಬುದನ್ನು ಮಾತ್ರ ಹೇಳಬಹುದು.

ಇನ್ನು ರಾಜನೀತಿಯ ಮಾತು. ೧೯೯೨ರ ರಿಯೋ ಒಡಂಬಡಿಕೆ, ೨೦೧೫ರ ಪ್ಯಾರಿಸ್ ಒಪ್ಪಂದಗಳಿಗೆ ಭಾರತ ಸಹಿ ಹಾಕಿದೆ. ೨೦೦೮ರಲ್ಲಿ ಎಂಟು ಅಭಿಯಾನಗಳ ರಾಷ್ಟ್ರೀಯ ಕ್ರಿಯಾಯೋಜನೆ ಹೊರಬಂದಿತು. ಕರ್ನಾಟಕಕ್ಕೂ ತನ್ನದೇ ಯೋಜನೆಯುಂಟು. ೨೦೭೦ರ ವೇಳೆಗೆ ದೇಶದ ಹೊಗೆಯ ಲೆಕ್ಕವನ್ನು ಸೊನ್ನೆಗೆ ತರುವುದಾಗಿ ೨೦೨೧ರಲ್ಲಿ ಗ್ಲಾಸ್ಗೋದಲ್ಲಿ ಮಾತು ಕೊಟ್ಟದ್ದಾಗಿದೆ. ದೊಡ್ಡ ಮಾತುಗಳು ಬೇಕು. ಅವುಗಳನ್ನು ಹಗುರವಾಗಿ ಕಾಣಲಾಗದು. ಆದರೆ ಹುಮನಾಬಾದಿನ ರೈತನ ಬಾಗಿಲಿಗೆ ನೀತಿ ಬರುವುದು ಬೆಳೆವಿಮೆಯ ರೂಪದಲ್ಲಿ. ೨೦೧೬ರ ಫಸಲ್ ಬಿಮಾ ಯೋಜನೆಯಲ್ಲಿ ಪರಿಹಾರ ನಿಂತಿರುವುದು ಬಹುಮಟ್ಟಿಗೆ ಗ್ರಾಮ ಪಂಚಾಯತಿಯ ಅಥವಾ ಹೋಬಳಿಯ ಸರಾಸರಿ ಇಳುವರಿಯ ಮೇಲೆ. ಅದನ್ನು ಹೋಲಿಸುವುದು ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದರ ಸರಾಸರಿಯೊಡನೆ. ಆಲಿಕಲ್ಲು, ಜಲಾವೃತಗಳಂಥ ಸ್ಥಳೀಯ ವಿಪತ್ತಿಗೆ ಬೇರೆ ದಾರಿಯುಂಟಾದರೂ ಎಪ್ಪತ್ತೆರಡು ಗಂಟೆಯೊಳಗೆ ದೂರು ಮುಟ್ಟಿಸಬೇಕು. ಕೆಟ್ಟ ವರ್ಷಗಳು ಒಂದರ ಹಿಂದೆ ಒಂದು ಬಂದರೆ ಆ ಐದು ವರ್ಷಗಳ ಸರಾಸರಿಯೇ ಕೆಳಗಿಳಿಯುತ್ತದೆ. ರೈತನ ನಷ್ಟ ಅವನ ಕಣ್ಣಿಗೆ ಕಂಡರೂ ಲೆಕ್ಕದ ಕಣ್ಣಿಗೆ ಕಾಣದಂತಾಗುತ್ತದೆ. ಬದಲಾಗುತ್ತಿರುವ ಆಕಾಶವನ್ನು ಬದಲಾಗದ ಅಳತೆಗೋಲಿನಿಂದ ಅಳೆಯುವುದೆಂದರೆ ಇದೇ.

ಸಂತೋಷದ ಸಂಗತಿಯೆಂದರೆ, ಒಳ್ಳೆಯ ಅಳತೆಗೋಲು ನಮ್ಮಲ್ಲಿಯೇ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗೊಂದರಂತೆ ಮಳೆಮಾಪಕಗಳನ್ನು ನೆಟ್ಟು, ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಸಿಗುವಂತೆ ಮಾಡಿದೆ. ೨೦೧೬ರ ಕೇಂದ್ರದ ಬರ ಕೈಪಿಡಿ ಸತತ ಒಣ ವಾರಗಳನ್ನೂ ಬರದ ಲಕ್ಷಣವೆಂದು ಗಣಿಸುತ್ತದೆ. ಬರಕ್ಕೆ ಸಲ್ಲುವ ಈ ಸೂಕ್ಷ್ಮತೆ ವಿಮೆಗೂ ಬಿತ್ತನೆಯ ಸಲಹೆಗೂ ಏಕೆ ಸಲ್ಲಬಾರದು? ಎಷ್ಟು ಮಳೆಯಾಯಿತೆಂದು ಕೇಳುವ ಅಧಿಕಾರಿ, ಎಷ್ಟು ದಿನಗಳಲ್ಲಿ ಆಯಿತು, ಯಾವ ಬೆಳೆಯ ಯಾವ ಹಂತದಲ್ಲಿ ಆಯಿತು ಎಂದೂ ಕೇಳುವಂತಾದರೆ ಅರ್ಧ ನ್ಯಾಯ ದೊರೆತಂತೆ.

ಉಳಿದರ್ಧ ನ್ಯಾಯ ಹನಿಯನ್ನು ಹಿಡಿದಿಡುವುದರಲ್ಲಿದೆ. ಹದಿನೈದನೆಯ ಶತಮಾನದ ಬಹಮನಿಗಳು ಬೀದರಿನ ನೌಬಾದ್‌ನಲ್ಲಿ ಜಂಬಿಟ್ಟಿಗೆಯ ಕೆಳಗೆ ಸುರಂಗ ಕೊರೆಸಿ, ನೆಲ ಹೀರಿದ ಮಳೆನೀರನ್ನು ಊರಿಗೆ ಹರಿಸಿಕೊಂಡರು. ಪರ್ಷಿಯಾದಿಂದ ಬಂದ ಆ ವಿದ್ಯೆಗೆ ಕರೇಜ್ ಎಂದು ಹೆಸರು. ಹೂಳು ತುಂಬಿ ಮರೆತುಹೋಗಿದ್ದ ಅದನ್ನು ಇತ್ತೀಚಿನ ವರ್ಷಗಳಲ್ಲಿ ಬಗೆದು ತೆರೆದಿದ್ದಾರೆ. ಕಲ್ಯಾಣದ ತ್ರಿಪುರಾಂತಕ ಕೆರೆಯೂ ಹೇಳುವುದು ಇದೇ ಬುದ್ಧಿಯನ್ನು. ೨೦೧೪ರಲ್ಲಿ ಆರಂಭವಾದ ಕೃಷಿ ಭಾಗ್ಯದ ಕೃಷಿಹೊಂಡ, ಹೊಲದ ಬದು, ಹೂಳೆತ್ತಿದ ಕೆರೆ, ಒಂದೇ ಬೆಳೆಯನ್ನು ನೆಚ್ಚದೆ ತೊಗರಿಯ ಸಾಲಿನಲ್ಲಿ ಹೆಸರನ್ನೋ ಉದ್ದನ್ನೋ ಕೂಡಿಸುವ ಹಳೆಯ ಜಾಣತನ, ಇವು ದೊಡ್ಡ ಕೊಡದ ಕಾಲಕ್ಕೆ ತಕ್ಕ ಉಪಾಯಗಳು. ಹುಮನಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲೇ ಇರುವ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ, ಸೊರಗು ರೋಗವನ್ನು ತಡೆಯುವ ‘ಮಾರುತಿ’ ತೊಗರಿಯನ್ನು ಈ ಸೀಮೆಗೆ ಕೊಟ್ಟಿತು. ಇಂಥ ವಿದ್ಯೆ ಶಾಖಕ್ಕೂ ಒಣ ಬಿಡುವಿಗೂ ಎದುರು ನಿಲ್ಲುವ ತಳಿಗಳನ್ನು ಕೊಡಬಲ್ಲದು.

ನಗರದ ನಮಗೆ ಇದರಲ್ಲಿ ಪಾಲಿಲ್ಲವೆ? ಭಾರತೀಯನೊಬ್ಬ ಉಗುಳುವ ಇಂಗಾಲದ ಡೈಆಕ್ಸೈಡ್ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆಯೆಂದು ನಾವು ಹೆಮ್ಮೆಪಡುತ್ತೇವೆ. ಅದು ನಿಜ, ಪರದೇಶಗಳ ಮುಂದೆ ಆಡಬೇಕಾದ ಮಾತೂ ಹೌದು. ಆದರೆ ಆ ಸರಾಸರಿಯೊಳಗೆ ಕೋಣೆಗೊಂದು ತಂಪುಯಂತ್ರವಿಟ್ಟುಕೊಂಡ ನಗರದ ಮನೆಯೂ ಸೇರಿದೆ, ಹುಮನಾಬಾದಿನ ಹೊಲದಲ್ಲಿ ಬರಿಗಾಲಿನಲ್ಲಿ ಕಳೆ ಕೀಳುವ ಕೂಲಿಯವಳೂ ಸೇರಿದ್ದಾಳೆ. ರಾಯಚೂರಿನಲ್ಲಿ ಉರಿಯುವ ಕಲ್ಲಿದ್ದಲು ಹೆಚ್ಚಾಗಿ ಯಾರ ದೀಪಕ್ಕೆ, ಅದರ ಹೊಗೆ ಬೆಳೆಸಿದ ಕೊಡ ಹೆಚ್ಚಾಗಿ ಯಾರ ತಲೆಯ ಮೇಲೆ ಉರುಳುತ್ತದೆ ಎಂದು ಯೋಚಿಸಿದರೆ, ಅವಳ ಮಿತವ್ಯಯದ ನೆರಳಿನಲ್ಲಿ ನಮ್ಮ ದುಂದು ಅಡಗಿ ಕುಳಿತಿರುವುದು ಕಾಣುತ್ತದೆ. ಕಾಯಕದಷ್ಟೇ ಹಂಚಿಕೆಯೂ ಮುಖ್ಯವೆಂದು ದಾಸೋಹದ ಮೂಲಕ ಲೋಕಕ್ಕೆ ಹೇಳಿದ ಊರು ಕಲ್ಯಾಣ. ಆ ಊರಿನ ಪಾಲಿಗೆ ನಾವು ಏನನ್ನು ಹಂಚುತ್ತಿದ್ದೇವೆಂಬ ಲೆಕ್ಕವನ್ನು ಸರಾಸರಿಯ ಹಿಂದೆ ಬಚ್ಚಿಡದೆ, ನಮ್ಮ ನಮ್ಮ ಮನೆಯ ಮಟ್ಟಿಗಾದರೂ ಬರೆದು ನೋಡುವ ಕಾಲ ಬಂದಿದೆ.