‘ನೌಕಾಪಡೆ’: ಪದವೊಂದು, ಅರ್ಥವೆರಡು

ಕನ್ನಡದ ಪತ್ರಿಕೆ, ಪಠ್ಯ ಹಾಗೂ ಅನುವಾದಗಳಲ್ಲಿ ‘ನೌಕಾಪಡೆ’ ಎಂಬ ಪದವು ಎರಡು ಭಿನ್ನ ಅರ್ಥಗಳಲ್ಲಿ ಬಳಕೆಯಾಗುತ್ತಿದೆ. ದೇಶವೊಂದರ ಕಡಲಸೇನೆಯೆಂಬ ಸಂಸ್ಥೆ ಒಂದು ಅರ್ಥ. ಇಂಗ್ಲಿಷಿನ ‘ಫ್ಲೀಟ್’ ಸೂಚಿಸುವ ಹಡಗುಗಳ ಸಮೂಹ ಇನ್ನೊಂದು. ಭಾರತೀಯ ನೌಕಾಪಡೆಯೊಳಗೇ ಪಶ್ಚಿಮ ಮತ್ತು ಪೂರ್ವ ಫ್ಲೀಟುಗಳಿವೆ. ಇವನ್ನೂ ‘ನೌಕಾಪಡೆ’ ಎಂದೇ ಕರೆದಾಗ ಅಂಗಕ್ಕೂ ಅಂಗಿಗೂ ಒಂದೇ ಹೆಸರಾಗುತ್ತದೆ.

ಇದು ಕೇವಲ ಪಾರಿಭಾಷಿಕ ತೊಡಕಲ್ಲ. 1588ರಲ್ಲಿ ಇಂಗ್ಲೆಂಡಿನ ಮೇಲೆ ದಂಡೆತ್ತಿ ಹೊರಟ ಸ್ಪೇನಿನ ‘ಆರ್ಮಡಾ’ ಸುಮಾರು 130 ಹಡಗುಗಳ ಒಂದು ಸಮೂಹ. ‘ಸ್ಪೇನಿನ ನೌಕಾಪಡೆ ನಾಶವಾಯಿತು’ ಎಂದು ಓದುವ ವಿದ್ಯಾರ್ಥಿಯು ಆ ದೇಶದ ಕಡಲಬಲವೇ ಅಂದಿಗೆ ಮುಗಿಯಿತೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗುಗಳು ಹಿಂತಿರುಗಿದವು. 1596 ಮತ್ತು 1597ರಲ್ಲಿ ಸ್ಪೇನ್ ಇಂಥವೇ ಸಮೂಹಗಳನ್ನು ಮತ್ತೆ ಕಳುಹಿಸಿತು. ಸ್ಪ್ಯಾನಿಷ್ ಭಾಷೆಯಲ್ಲಿ ಇಂದಿಗೂ ‘ಆರ್ಮಡಾ’ ಎಂಬುದು ನೌಕಾಸೇನೆಯ ಹೆಸರೂ ಹೌದು. ಆದ್ದರಿಂದ ಈ ಗೊಂದಲ ಕನ್ನಡಕ್ಕಷ್ಟೇ ಸೀಮಿತವಲ್ಲ.

‘ನೌಕಾಪಡೆ’ ಅರಿಸಮಾಸವೆಂಬ ಆಕ್ಷೇಪಕ್ಕೆ ಈಗ ಅರ್ಥವಿಲ್ಲ. ಬಳಕೆ ಅದನ್ನು ಗೆದ್ದಿದೆ. ನಿಜವಾದ ತೊಡಕಿರುವುದು ‘ಪಡೆ’ಯಲ್ಲಿ. ಅದು ಯುದ್ಧದ ಪದ. ಮಳೆಗಾಲದ ನಿಷೇಧ ಮುಗಿದೊಡನೆ ಮಲ್ಪೆಯಿಂದ ಕಡಲಿಗಿಳಿಯುವ ಮೀನುಗಾರಿಕೆ ಬೋಟುಗಳಾಗಲಿ, ಸರಕು ಸಾಗಣೆಯ ಹಡಗುಗಳಾಗಲಿ ಅದರೊಳಗೆ ಸೇರಲಾರವು.

ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ಪುರಿಯ ಮುತ್ತಿಗೆಯನ್ನು ವರ್ಣಿಸುತ್ತಾನೆ. ಶಾಸನದ ಭಾಷೆ ಸಂಸ್ಕೃತ. ಅಲ್ಲಿ ಹಡಗುಗಳ ಎಣಿಕೆ ನೂರರ ಲೆಕ್ಕದಲ್ಲಿದೆ. ಅವುಗಳ ಆಕಾರಕ್ಕೆ ಉಪಮಾನ ಮದಗಜಗಳ ‘ಘಟಾ’, ಅಂದರೆ ಆನೆಗಳ ಹಿಂಡು. ನೆಲದ ಸಮೂಹವಾಚಿಯನ್ನು ನೀರಿಗಿಳಿಸುವುದು ಹೊಸತೇನಲ್ಲವೆಂಬುದು ಇದರಿಂದ ಸ್ಪಷ್ಟ.

ಈ ದೃಷ್ಟಿಯಿಂದ ‘ದಂಡು’ ಪರಿಶೀಲನೆಗೆ ಅರ್ಹವಾಗಿದೆ. ಅದಕ್ಕೆ ಸೈನ್ಯವೆಂಬ ಅರ್ಥವಿದೆ; ಜಾತ್ರೆಗೆ ಬರುವ ಜನರ ದಂಡೂ ಉಂಟು. ‘ಹಡಗುದಂಡು’ ಎಂದರೆ ಯುದ್ಧದ ಹಡಗುಗಳೂ ವ್ಯಾಪಾರದ ಹಡಗುಗಳೂ ಅದರಲ್ಲಿ ಸೇರುತ್ತವೆ. ಸಣ್ಣ ಸಮೂಹವಾದ ‘ಫ್ಲೊಟಿಲ್ಲಾ’ಗೆ ‘ಕಿರುದಂಡು’ ಸಾಲುತ್ತದೆ. ‘ನೌಕಾವ್ಯೂಹ’ ಕಿವಿಗೆ ಗಂಭೀರವೇನೋ ಹೌದು. ಆದರೆ ವ್ಯೂಹವೆಂಬುದು ರಣರಂಗದ ರಚನೆ, ಅಲ್ಲಿಗೆ ಹಳೆಯ ಮಿತಿಯೇ ಮರಳುತ್ತದೆ. ಸಂಸ್ಥೆಗೆ ‘ನೌಕಾಪಡೆ’ಯೇ ಉಳಿಯಲಿ. ಮುಂದಿನ ಇಂಗ್ಲಿಷ್-ಕನ್ನಡ ನಿಘಂಟುಗಳು ‘ಫ್ಲೀಟ್’ ನಮೂದಿನಲ್ಲಿ ಈ ಎರಡು ಅರ್ಥಗಳನ್ನು ಬೇರೆ ಬೇರೆ ಅಂಕಿಗಳಡಿ ಕೊಡುವುದು ಅವಶ್ಯ.