ಆದೇಶ ಕೈಯಲ್ಲಿದೆ, ಬೀಗದ ಕೈ ಎಲ್ಲಿ?



ಕೋರ್ಟಿಗೆ ಅಲೆದು ಅಲೆದು ಕೊನೆಗೊಂದು ದಿನ ಆದೇಶ ಪಡೆದ ಹೆಣ್ಣುಮಗಳು ಮಗುವಿನ ಕೈ ಹಿಡಿದು ಮನೆಗೆ ಬರುತ್ತಾಳೆ. ಬಾಗಿಲಿಗೆ ಹೊಸ ಬೀಗ ಬಿದ್ದಿರುತ್ತದೆ. ಠಾಣೆಗೆ ಹೋದರೆ ‘ಇದು ಸಿವಿಲ್ ವಿಷಯ, ವಕೀಲರನ್ನು ಕೇಳಮ್ಮಾ’ ಎನ್ನುತ್ತಾರೆ. ವಕೀಲರು ‘ಇನ್ನೊಂದು ಅರ್ಜಿ ಹಾಕೋಣ’ ಎನ್ನುತ್ತಾರೆ. ಸಂಜೆಯ ಹೊತ್ತಿಗೆ ಆಕೆ ಮತ್ತೆ ತವರಿನ ಬಸ್ಸು ಹತ್ತಿರುತ್ತಾಳೆ. ನಮ್ಮ ಸಂಘಗಳ ಸಭೆಗಳಲ್ಲಿ ಈ ಕಥೆ ಹೊಸದಲ್ಲ.

ಗೆದ್ದ ಮೇಲೂ ಸೋಲುವುದೇಕೆ? ಕಾನೂನು ಇಲ್ಲವೆಂದಲ್ಲ. ಅದನ್ನು ಹೊಸ್ತಿಲವರೆಗೆ ನಡೆಸಿಕೊಂಡು ಹೋಗುವವರಿಲ್ಲ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಬಾಳಿದ ಮನೆ ಯಾರ ಹೆಸರಿನಲ್ಲೇ ಇರಲಿ, ಅಲ್ಲಿ ವಾಸಿಸುವ ಹಕ್ಕು ಹೆಣ್ಣಿಗಿದೆ ಎಂದು ಅದು ಹೇಳಿತು. ಎರಡು ತಿಂಗಳೊಳಗೆ ಸುಪ್ರೀಂ ಕೋರ್ಟು ಬಾತ್ರಾ ಪ್ರಕರಣದಲ್ಲಿ, ಅತ್ತೆಯ ಹೆಸರಿನ ಮನೆಗೆ ಈ ಹಕ್ಕು ಸಲ್ಲದು ಎಂದಿತು. ಮುಂದೆ ಎಷ್ಟೋ ಮನೆಗಳಲ್ಲಿ ‘ಮನೆ ನನ್ನದಲ್ಲ, ಅಮ್ಮನದು’ ಎಂಬುದೇ ಗಂಡಂದಿರ ಗುರಾಣಿಯಾಯಿತು. 2020ರ ಅಕ್ಟೋಬರ್ 15ರಂದು ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ಆ ತೀರ್ಪು ಸರಿಯಲ್ಲವೆಂದಿತು. ಆ ಗುರಾಣಿ ಈಗಿಲ್ಲ.

‘ವಿಚ್ಛೇದನವಾಯಿತಲ್ಲ, ಇನ್ನೇನು?’ ಎನ್ನುವವರಿಗೂ ಉತ್ತರವಿದೆ. ಮದುವೆ ಮುರಿದ ಮಾತ್ರಕ್ಕೆ, ಅದಕ್ಕೆ ಮುಂಚೆ ನಡೆದ ಹಿಂಸೆಗೆ ಪರಿಹಾರ ಕೇಳುವ ಹಕ್ಕು ಅಳಿಯುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಒಂದು ಮಾತು ನೆನಪಿರಲಿ. ವಾಸದ ಹಕ್ಕು ಒಡೆತನವಲ್ಲ. ವಿಚ್ಛೇದನದ ಬಳಿಕ ಅದೇ ಮನೆ ಸಿಕ್ಕೇ ಸಿಗುತ್ತದೆ ಎನ್ನಲಾಗದು. ಅದೇ ಮಟ್ಟದ ಬೇರೆ ಮನೆಯನ್ನೋ ಬಾಡಿಗೆಯನ್ನೋ ಕೊಡಿಸುವ ಅಧಿಕಾರವೂ ಮ್ಯಾಜಿಸ್ಟ್ರೇಟರಿಗಿದೆ.

ಆದೇಶ ಜಾರಿಯಾಗುವುದು ಅರ್ಜಿ ಬರೆಯುವಾಗಲೇ ಅರ್ಧ ತೀರ್ಮಾನವಾಗುತ್ತದೆ. ‘ಮನೆ ಕೊಡಿಸಿ’ ಎಂದಷ್ಟೇ ಬರೆಯಬೇಡಿ. ಯಾವ ಮನೆ, ಯಾವ ನಂಬರು, ಯಾವ ಕೋಣೆ, ಯಾವ ದಿನದೊಳಗೆ ಎಂಬುದೆಲ್ಲ ಇರಲಿ. ಬೀಗ ಹಾಕಿದ್ದರೆ ಪೊಲೀಸರ ಎದುರು ತೆಗೆಸಬೇಕೆಂದು ಕೇಳಿ. 19ನೇ ಕಲಮಿನಡಿ ಹತ್ತಿರದ ಠಾಣೆಗೆ ನೆರವಿನ ನಿರ್ದೇಶನ ಕೊಡಲು, ಮನೆ ಮಾರದಂತೆ ತಡೆಯಲು, ಸ್ತ್ರೀಧನ ವಾಪಸು ಕೊಡಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ಜೊತೆಗೆ 18ನೇ ಕಲಮಿನ ರಕ್ಷಣಾ ಆದೇಶವನ್ನು ತಪ್ಪದೆ ಕೇಳಿ. ಅದನ್ನು ಮುರಿದರೆ ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಠಾಣೆಯವರ ‘ಸಿವಿಲ್ ವಿಷಯ’ಕ್ಕೂ ಉತ್ತರ ಇಲ್ಲೇ ಇದೆ. ಈ ಕಾಯ್ದೆಯ ಆದೇಶದ ಜಾರಿಗೆ ಗಂಡನಾಗಲಿ ಅವನ ಪರವಾಗಿ ಇನ್ಯಾರೇ ಆಗಲಿ ಅಡ್ಡಿ ಬಂದರೆ, ಅದನ್ನು ರಕ್ಷಣಾ ಆದೇಶದ ಉಲ್ಲಂಘನೆ ಎಂದೇ ಎಣಿಸಬೇಕೆಂದು 2006ರ ನಿಯಮಗಳ 15ನೇ ನಿಯಮ ಹೇಳುತ್ತದೆ. ಇದು ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ. ಆದೇಶದ ಪ್ರತಿ ಹೆಣ್ಣಿಗೂ ಠಾಣೆಗೂ ಉಚಿತವಾಗಿ ಸಿಗಬೇಕು. ಉಲ್ಲಂಘನೆಯ ದೂರನ್ನು ಬರಹದಲ್ಲಿ ಸಂರಕ್ಷಣಾಧಿಕಾರಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಈ ಹೊಣೆ ಇದೆ. ವಕೀಲರಿಗೆ ಹಣವಿಲ್ಲದಿದ್ದರೆ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣಿಗೆ ಅಲ್ಲಿ ಆದಾಯದ ಮಿತಿಯಿಲ್ಲ.

ಇನ್ನು ಸಂಘದ ಕೆಲಸ. ಸಾಲದ ಲೆಕ್ಕಕ್ಕೆ ಸೇರುವ ನಾವು, ಆದೇಶದ ದಿನ ಐದು ಜನ ಆಕೆಯ ಜೊತೆ ಹೋಗಲಾರೆವೇ? ಬೀಗ ಒಡೆಯುವುದು, ಕೂಗಾಡುವುದು ಬೇಡ. ಅದೇ ನಾಳೆ ಆಕೆಯ ಮೇಲಿನ ಕೇಸಾಗುತ್ತದೆ. ಹೋದ ಹೊತ್ತು, ಬೀಗ ಹಾಕಿದ್ದು, ಕರೆಂಟು ನೀರು ಕಡಿದದ್ದು, ಯಾರು ಏನೆಂದರು ಎಂಬುದನ್ನೆಲ್ಲ ಬರೆದು ಎಲ್ಲರೂ ಸಹಿ ಹಾಕಿ. ಕೋರ್ಟಿನಲ್ಲಿ ಆ ಕಾಗದಕ್ಕೆ ಬಲವಿದೆ. ಒಳಗೆ ಹೋದ ಮೇಲೂ ವಾರಕ್ಕೊಮ್ಮೆ ಬಾಗಿಲು ತಟ್ಟಿ ಮಾತಾಡಿಸಿ ಬನ್ನಿ. ಹಿಂಸೆ ಮತ್ತೆ ಶುರುವಾಗುವುದು ನೋಡುವವರಿಲ್ಲದಾಗ.

ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ನಮ್ಮಲ್ಲಿ ಯಾರ ಪೆಟ್ಟಿಗೆಯಲ್ಲಿ ಜಾರಿಯಾಗದ ಆದೇಶ ಮಡಿಸಿಟ್ಟಿದೆ? ಅದನ್ನು ಹೊರಗೆ ತೆಗೆಸಿ. ಈ ಸಲ ಆಕೆ ಬಾಗಿಲ ಮುಂದೆ ಒಬ್ಬಳೇ ನಿಲ್ಲದಿರಲಿ.